ಕೋಟೆಯ ಬುಡದಲ್ಲಿ ಯಾರಿದ್ದಾರೆ?

2022ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಎಲ್ಡನ್ ರಿಂಗ್’ ಎಂಬ ಜಪಾನಿ ವಿಡಿಯೊ ಗೇಮಿನಲ್ಲಿ ಆಟಗಾರನಿಗೆ ಎದುರಾಗುವ ಮೊದಲ ದೊಡ್ಡ ಕೋಟೆ ಸ್ಟಾರ್ಮ್‌ವೇಲ್. ಕಡಿದಾದ ಬಂಡೆಯಂಚಿನಲ್ಲಿ ನಿಂತ, ಅಲ್ಲಲ್ಲಿ ಕುಸಿದ, ಗಾಳಿ ಹೊಡೆಯುವ ಕೋಟೆ ಅದು. ಅದರ ಒಡೆಯ ಗಾಡ್ರಿಕ್ ಹೆಸರಿಗೆ ರಾಜವಂಶದವನು. ಸ್ವಂತ ಬಲ ಸಾಲದ್ದಕ್ಕೆ ಬೇರೆಯವರ ಕೈಕಾಲು ಕಡಿದು ತನ್ನ ಮೈಗೆ ಕಸಿ ಕಟ್ಟಿಕೊಂಡವನು. ಕೋಟೆಯ ತೀರ ತಳಕ್ಕೆ ಇಳಿದರೆ ಬೇರುಗಳ ನಡುವೆ ದೊಡ್ಡದೊಂದು ವಿಕಾರ ಮುಖ ಹಬ್ಬಿಕೊಂಡಿದೆ. ಅದು ಇಲ್ಲಿಗೆ ಹೇಗೆ ಬಂತು, ಕೋಟೆಗೆ ತಗುಲಿದ ಕೇಡು ಅದರದ್ದೋ ಒಡೆಯನದ್ದೋ, ಗಾಡ್ರಿಕ್‌ಗಿಂತ ಮೊದಲು ಇಲ್ಲಿ ಆಳುತ್ತಿದ್ದವರು ಯಾರು ಎಂಬುದನ್ನು ಗೇಮ್ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಗಿಡುಗದ ಬೂದಿಗೆ ಬರೆದ ನಾಲ್ಕು ಸಾಲಿನ ವಿವರಣೆ, ಎಲ್ಲೋ ಇಟ್ಟ ಮೂರ್ತಿ, ಯಾರದೋ ಅರ್ಧ ಮಾತು, ಸಿಗುವುದು ಇಷ್ಟೇ. ಇಷ್ಟನ್ನು ಹಿಡಿದುಕೊಂಡು ಜಗತ್ತಿನ ಅಭಿಮಾನಿಗಳು ವರ್ಷಗಟ್ಟಲೆ ವಾದ ಕಟ್ಟಿದ್ದಾರೆ. ಫ್ಯಾನ್ ಥಿಯರಿ ಎಂದು ಈಗ ಎಲ್ಲರ ಬಾಯಲ್ಲೂ ಇರುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ಬಗೆಯ ಕಥನವನ್ನು ಜನಪ್ರಿಯಗೊಳಿಸಿದ, ಈ ಗೇಮಿನ ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ ಬಾಲ್ಯದಲ್ಲಿ ತನಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ, ಬಿಟ್ಟುಹೋದ ಜಾಗಗಳನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದೆ ಎಂದು ಸಂದರ್ಶನದಲ್ಲಿ ಹೇಳಿದ್ದಾರೆ. 2011ರ ‘ಡಾರ್ಕ್ ಸೋಲ್ಸ್’ನಿಂದ ಹಿಡಿದು ಅವರ ಗೇಮುಗಳಲ್ಲಿ ಬಿಟ್ಟ ಜಾಗ ಬೇಕೆಂದೇ ಬಿಟ್ಟದ್ದು. ಹಾಗಾಗಿ ಅಭಿಮಾನಿಯ ವಾದಕ್ಕೆ ಒಂದು ಗಟ್ಟಿ ಆಧಾರವಿದೆ: ಅಲ್ಲಿ ಇಟ್ಟ ಪ್ರತಿ ಕಲ್ಲನ್ನೂ ಯಾರೋ ಒಬ್ಬರು ಯೋಚಿಸಿ ಇಟ್ಟಿದ್ದಾರೆ. ನಿಜವಾದ ಕೋಟೆಗೆ ಈ ಭರವಸೆ ಇಲ್ಲ. ಅದರ ಕಲ್ಲನ್ನು ಒಬ್ಬ ಇಡುತ್ತಾನೆ, ಇನ್ನೊಬ್ಬ ಕೀಳುತ್ತಾನೆ, ಮೂರನೆಯವನು ಮನೆಯ ಅಡಿಪಾಯಕ್ಕೆ ಹೊತ್ತೊಯ್ಯುತ್ತಾನೆ. ಆದರೂ ನಿಜವಾದ ಕೋಟೆಗಳ ಸುತ್ತ ನಮ್ಮ ಜನ ಕಟ್ಟಿದ ಕಥೆಗಳು ಗೇಮಿನ ಥಿಯರಿಗಳಂತೆಯೇ ಒಂದು ಕಡೆಗೇ ಹೊರಳುತ್ತವೆ, ಕೋಟೆಯ ಬುಡದಲ್ಲಿ ಒಂದು ದೇಹವನ್ನು ಹುಡುಕುತ್ತವೆ. ಯಾಕೆ ಎಂಬುದೇ ಈ ಲೇಖನದ ಪ್ರಶ್ನೆ. ಅದನ್ನು ಪರೀಕ್ಷಿಸಲು ದೇವನಹಳ್ಳಿ ತಾಲ್ಲೂಕಿನ ಆವತಿಗಿಂತ ತಕ್ಕ ಜಾಗ ಬೇರೆ ಸಿಗುವುದು ಕಷ್ಟ.

ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರ ಮುಟ್ಟುವ ಮೊದಲೇ ಸಿಗುವ ಊರು ಆವತಿ. ಹೆದ್ದಾರಿಯಲ್ಲಿ ಹೋಗುವವರಿಗೆ ಒಂದು ಬೆಟ್ಟ, ಅದರ ತಪ್ಪಲಲ್ಲಿ ಒಂದಿಷ್ಟು ಮನೆಗಳು, ಅಷ್ಟೇ ಕಾಣುತ್ತದೆ. ಆದರೆ ಹಳೆಯ ಮೈಸೂರಿನ ಪೂರ್ವ ಭಾಗದ ಕೋಟೆಗಳ ವಂಶಾವಳಿ ಬರೆಯಲು ಕೂತರೆ ಕಾಗದದ ನೆತ್ತಿಯ ಮೇಲೆ ಬರೆಯಬೇಕಾದ ಹೆಸರು ಇದೇ. ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ ಪರಂಪರೆಯ ಪ್ರಕಾರ, 14ನೇ ಶತಮಾನದ ಕೊನೆಯ ಹೊತ್ತಿಗೆ ಕಂಚಿಯ ಹತ್ತಿರದ ಆಲೂರಿನಿಂದ ಏಳು ಮೊರಸು ಒಕ್ಕಲು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊರಟು, ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ತಂಗಿದವು. ಅವರ ಹಿರಿಯ ರಣಭೈರೇಗೌಡ, ಅವರ ದೇವರು ಭೈರವ. ಆವತಿಯಲ್ಲಿ ನೆಲೆ ನಿಂತ ಈ ಮನೆತನದಿಂದ ಕವಲೊಡೆದವರಲ್ಲಿ ಜಯಗೌಡ ಯಲಹಂಕದವನಾದ. ಅವನ ಪೀಳಿಗೆಯಲ್ಲಿ ಬೆಂಗಳೂರಿನ ಕೆಂಪೇಗೌಡ ಬಂದ. ಮಲ್ಲಭೈರೇಗೌಡ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಿಗೆ ಅಡಿಪಾಯ ಹಾಕಿದ. ಇನ್ನೊಂದು ಕವಲು ಸುಗಟೂರಿಗೆ ಹೋಯಿತು, ಮತ್ತೊಂದು ಹೊಳವನಹಳ್ಳಿಗೆ. ದೇವನಹಳ್ಳಿಯ ಮಣ್ಣಿನ ಕೋಟೆ 1501ರದ್ದು; ಇಂದು ನಾವು ನೋಡುವ ಕಲ್ಲಿನ ಗೋಡೆ, ಅರೆವೃತ್ತದ ಬುರುಜುಗಳು ಹೈದರ್ ಮತ್ತು ಟಿಪ್ಪುವಿನ ಕಾಲದವು. 1749ರಲ್ಲಿ ಮೈಸೂರು ಸೇನೆ ದೇವನಹಳ್ಳಿಯನ್ನು ಹಿಡಿದ ಮುತ್ತಿಗೆಯಲ್ಲೇ ಹೈದರ್ ಎಂಬ ಹೆಸರು ಮೊದಲು ಎದ್ದು ಕಂಡದ್ದು.

ಆವತಿಯಲ್ಲಿ ಶಾಪಗ್ರಸ್ತ ಅರಮನೆ ಎಂದು ತೋರಿಸುವಂಥದ್ದೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇರುವುದು ಆ ಊರಿನಿಂದ ಹೊರಟ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಕೋಟೆಗಳ ಬೆನ್ನಿಗೆ ಅಂಟಿದ ಕಥೆಗಳ ಒಂದು ಬಳಗ. ಅವುಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಬೇಟೆಗೆ ಹೋದ ಮಲ್ಲಭೈರೇಗೌಡನ ನಾಯಿಗಳ ಮೇಲೆ ಮೊಲವೊಂದು ತಿರುಗಿಬಿತ್ತು, ಇದು ಗಂಡುಮೆಟ್ಟಿನ ನೆಲ ಎಂದು ಅಲ್ಲೇ ಚಿಕ್ಕಬಳ್ಳಾಪುರದ ಕೋಟೆ ಎದ್ದಿತು ಎನ್ನುತ್ತಾರೆ. ಇದೇ ಮೊಲ ವಿಜಯನಗರದಲ್ಲೂ ನಾಯಿಗಳನ್ನು ಅಟ್ಟಿದೆ, ಬೆಂಗಳೂರಿನಲ್ಲೂ ಅಟ್ಟಿದೆ. ದೊಡ್ಡಬಳ್ಳಾಪುರದಲ್ಲಿ ಹುತ್ತಕ್ಕೆ ಹಾಲು ಸುರಿಸಿದ ಹಸು ನಾಡಿನ ಎಷ್ಟೋ ದೇವಸ್ಥಾನಗಳ ಹುತ್ತಕ್ಕೂ ಹಾಲು ಸುರಿಸಿದೆ. ಗೇಮ್ ಮಾಡುವವರು ಒಂದು ಕಡೆ ಮಾಡಿದ ಮೂರ್ತಿಯನ್ನೇ ಹತ್ತು ಕಡೆ ನಿಲ್ಲಿಸುತ್ತಾರೆ. ಅದನ್ನು ಕಂಡು ಹತ್ತೂ ಕಡೆಗೆ ಗುಟ್ಟಿನ ನಂಟು ಹೆಣೆಯುವ ಅಭಿಮಾನಿಗೆ ಅನುಭವಸ್ಥರು ಹೇಳುವ ಬುದ್ಧಿಮಾತು ಒಂದೇ: ಇದು ಅರ್ಥ ಅಲ್ಲ, ಉಳಿತಾಯ. ಮೊಲದ ಕಥೆಗೂ ಇದೇ ಮಾತು ಸಲ್ಲುತ್ತದೆ. ವಿಜಯನಗರದ ಅಧೀನದಲ್ಲಿ ತಲೆ ಎತ್ತುತ್ತಿದ್ದ ಪಾಳೆಯಗಾರನೊಬ್ಬ ದೊಡ್ಡ ಮನೆಯ ಕಥೆಯನ್ನು ತನ್ನ ಮನೆಗೂ ತಂದುಕೊಂಡ, ಅಷ್ಟೇ. ಇಂಥ ಕಥೆ ಘಟನೆಗೆ ಸಾಕ್ಷಿಯಲ್ಲ, ಹಂಬಲಕ್ಕೆ ಸಾಕ್ಷಿ.

ಹೀಗೆ ಎಲ್ಲೆಡೆ ಸಿಗುವ ಕಥೆಗಳನ್ನು ಜರಡಿ ಹಿಡಿದ ಮೇಲೂ ಆವತಿಯ ಬಳಗದಲ್ಲಿ ಕೆಲವು ಉಳಿಯುತ್ತವೆ, ಮತ್ತು ಉಳಿದವುಗಳ ನಡುವೆ ಒಬ್ಬ ಹೆಣ್ಣು ನಿಂತಿದ್ದಾಳೆ. ಮೊದಲನೆಯದು ವಲಸೆಯದೇ ಕಥೆ. ಆ ಏಳು ಕುಟುಂಬಗಳು ಆಲೂರು ಬಿಟ್ಟದ್ದು ಹೊಲ ಹುಡುಕಿಕೊಂಡಲ್ಲ. ಅಲ್ಲಿನ ಬಲಾಢ್ಯನೊಬ್ಬ ಮನೆಯ ಮಗಳು ದೊಡ್ಡಮ್ಮನನ್ನು ಮದುವೆಗೆ ಕೇಳಿದ, ಕೊಡಲಾರದೆ ರಾತ್ರೋರಾತ್ರಿ ಊರು ಬಿಟ್ಟರು. ಹಿಂದೆ ದಂಡು, ಮುಂದೆ ಪಾಲಾರ್ ನದಿ. ಒಂದು ಪಾಠದಲ್ಲಿ ಹುಡುಗಿ ತನ್ನ ಕಿವಿಯೋಲೆಯನ್ನು ನೀರಿಗೆ ಎಸೆಯುತ್ತಾಳೆ, ಹೊಳೆ ಸೀಳಿ ದಾರಿ ಬಿಡುತ್ತದೆ. ನದಿ ಸೀಳಿದ್ದನ್ನು ನಂಬಬೇಕಿಲ್ಲ. ಗಮನಿಸಬೇಕಾದದ್ದು ದಾರಿಗೆ ಕೊಟ್ಟ ಬೆಲೆಯನ್ನು. ಗಂಡಸರ ಕೈಯಲ್ಲಿ ಕತ್ತಿ ಇತ್ತು, ಗಾಡಿಯಲ್ಲಿ ಸೊತ್ತು ಇತ್ತು. ಹೊಳೆ ಒಪ್ಪಿಸಿಕೊಂಡದ್ದು ಹುಡುಗಿಯ ಮೈಮೇಲಿನ ಒಡವೆಯನ್ನು.

ಇದನ್ನು ಕಥೆಯ ಅಲಂಕಾರ ಎಂದು ತಳ್ಳಿಹಾಕಬಹುದಿತ್ತು, ಅದೇ ಸಮುದಾಯದ ಒಂದು ಆಚರಣೆ ದಾಖಲೆಯಲ್ಲಿ ಇಲ್ಲದಿದ್ದರೆ. ಮೊರಸು ಒಕ್ಕಲಿಗರ ಒಂದು ಶಾಖೆಯಲ್ಲಿ ಹಿರಿಯ ಮಗಳಿಗೆ ಮದುವೆಯ ಮಾತಿಗೆ ಮೊದಲು ಕಿವಿ ಚುಚ್ಚಿಸುವಾಗ ತಾಯಿ ತನ್ನ ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳಿನ ತುದಿಗೆಣ್ಣನ್ನು ಭೈರವನಿಗೆ ಒಪ್ಪಿಸಬೇಕಿತ್ತು. ರೈಸ್ ಕೊಡುವ ವಿವರ ನಿರ್ಲಿಪ್ತವಾಗಿದೆ, ಅದಕ್ಕೇ ಹೆಚ್ಚು ಚುಚ್ಚುತ್ತದೆ. ಊರಿನ ಕಮ್ಮಾರ ಗೊತ್ತುಪಡಿಸಿದ ಕೂಲಿ ತೆಗೆದುಕೊಂಡು, ಬೆರಳನ್ನು ಕೊರಡಿನ ಮೇಲಿಡಿಸಿ ಉಳಿಯಿಂದ ಒಂದೇ ಏಟಿಗೆ ಕಡಿಯುತ್ತಿದ್ದ. ಹುಡುಗಿಗೆ ತಾಯಿ ಇಲ್ಲದಿದ್ದರೆ ಹುಡುಗನ ತಾಯಿ ಬೆರಳು ಕೊಡಬೇಕು. 19ನೇ ಶತಮಾನದಲ್ಲಿ ಸರ್ಕಾರ ಇದನ್ನು ನಿಷೇಧಿಸಿದ ಮೇಲೆ ಬೆರಳಿಗೆ ಚಿನ್ನದ ತಗಡನ್ನು ಸುತ್ತಿ ತೆಗೆಯುವುದರಲ್ಲಿ ಆಚರಣೆ ಉಳಿಯಿತು. ಇದಕ್ಕೆ ಅವರು ಹೇಳುತ್ತಿದ್ದ ಕಾರಣಕಥೆ ಇನ್ನೂ ಮುಖ್ಯ. ತಾನು ವರ ಕೊಟ್ಟ ರಾಕ್ಷಸನಿಂದಲೇ ತಪ್ಪಿಸಿಕೊಂಡ ಶಿವ ಹೊಲವೊಂದರಲ್ಲಿ ಅಡಗಿದ. ಹೆದರಿದ ಒಕ್ಕಲಿಗ ಬಾಯಿ ಬಿಡದೆ ಕಿರುಬೆರಳಿನಿಂದ ಜಾಗ ತೋರಿಸಿಬಿಟ್ಟ. ಗಂಡಾಂತರ ಕಳೆದ ಮೇಲೆ ಶಿವ ಆ ಬೆರಳನ್ನು ಕೇಳಿದ. ಅಷ್ಟರಲ್ಲಿ ಬುತ್ತಿ ಹೊತ್ತು ಬಂದ ಹೆಂಡತಿ, ಗಂಡನ ಕೈ ಕೆಟ್ಟರೆ ಹೊಲ ಉಳುವವರು ಯಾರು, ಅವನ ಒಂದರ ಬದಲಿಗೆ ನನ್ನ ಎರಡು ತಗೋ ಎಂದಳು. ತಪ್ಪು ಮಾಡಿದವನು ಒಬ್ಬ, ತೆತ್ತವಳು ಇನ್ನೊಬ್ಬಳು, ಅದೂ ಎರಡರಷ್ಟು. ಮುಂದೆ ಅದು ತಾಯಿಯಿಂದ ಮಗಳಿಗೆ ಇಳಿದ ಸಾಲ. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ದಂಡಕ್ಕೆ ಶಾಪ ಎನ್ನದೆ ಬೇರೇನು ಹೇಳುವುದು?

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಎಲ್ಡನ್ ರಿಂಗ್’ನಲ್ಲಿ ದೈವದ ಮಾತನ್ನು ನುಡಿಯುವುದು ‘ಎರಡು ಬೆರಳು’ ಎಂಬ ಬೃಹತ್ ಜೀವಿ. ಅಲ್ಲಿನ ಕೋಟೆಯೊಡೆಯ ಪರರ ಅಂಗಗಳಿಂದ ಬಲ ಪಡೆಯುವವನು. ಇಲ್ಲಿ ಎರಡು ಬೆರಳಿನ ಹರಕೆ ಹೊತ್ತವರ ವಂಶವೇ ಕೋಟೆ ಕಟ್ಟಿದೆ. ಥಿಯರಿ ಕಟ್ಟುವವನಿಗೆ ಇಷ್ಟು ಸಾಕು, ರಾತ್ರಿ ಬೆಳಗಾಗುವುದರೊಳಗೆ ಆವತಿಯಿಂದ ಟೋಕಿಯೊವರೆಗೆ ದಾರ ಎಳೆದುಬಿಡುತ್ತಾನೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಹೋಲಿಕೆ ಕಂಡ ಕೂಡಲೇ ಕಾರಣ ಕಾಣುವುದು ಥಿಯರಿಯ ಹುಟ್ಟುರೋಗ. ಕಿವಿಯೋಲೆಯ ಕಥೆಗೂ ಕಿವಿ ಚುಚ್ಚುವಾಗಿನ ಬೆರಳಿಗೂ ನಂಟಿದೆ ಎಂದು ಹೇಳುವ ಆಸೆ ನನಗೂ ಇದೆ. ಒಂದೇ ಸಮುದಾಯ, ಒಂದೇ ಸಂದರ್ಭ ಆದ್ದರಿಂದ ಅದು ಟೋಕಿಯೊದ ದಾರಕ್ಕಿಂತ ಗಟ್ಟಿ. ಆದರೂ ಅದನ್ನು ಊಹೆ ಎಂದೇ ಕರೆಯಬೇಕು.

ಈ ಹಿನ್ನೆಲೆಯಲ್ಲಿ ಬೆಂಗಳೂರು ಕೋಟೆಯ ಲಕ್ಷ್ಮೀದೇವಿಯ ಕಥೆಯನ್ನು ಓದಬೇಕು. 1537ರ ಸುಮಾರಿಗೆ ಕೆಂಪೇಗೌಡ ಮಣ್ಣಿನ ಕೋಟೆ ಕಟ್ಟಿಸುವಾಗ ದಕ್ಷಿಣದ ಹೆಬ್ಬಾಗಿಲು ಹಗಲಿಡೀ ಕಟ್ಟಿದ್ದು ರಾತ್ರಿ ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿ ಕೊಟ್ಟರೆ ನಿಲ್ಲುತ್ತದೆ ಎಂದರು ಜೋಯಿಸರು. ಕೆಂಪೇಗೌಡ ಒಪ್ಪಲಿಲ್ಲ. ಆ ಮಾತು ಕೇಳಿಸಿಕೊಂಡ ಸೊಸೆ ಲಕ್ಷ್ಮೀದೇವಿ, ತುಂಬು ಬಸುರಿ, ನಡುರಾತ್ರಿ ಎದ್ದು ಹೋಗಿ ಬಾಗಿಲ ಬಳಿ ತನ್ನ ಕೊರಳನ್ನು ತಾನೇ ಕೊಯ್ದುಕೊಂಡಳು. ಬಾಗಿಲು ನಿಂತಿತು. ಮಾವ ಕೋರಮಂಗಲದಲ್ಲಿ ಅವಳ ಹೆಸರಿನಲ್ಲಿ ಗುಡಿ ಕಟ್ಟಿಸಿದ. ಅವಳ ಸ್ಮಾರಕ ಎಂದು ಕರೆಯುವ ಜಾಗ ಈಗಲೂ ಕೋರಮಂಗಲದಲ್ಲಿದೆ.

ಇದರ ಬಗ್ಗೆ ಇರುವ ವಾದಗಳು ಮೂರು ಕಡೆಗೆ ಹರಿದಿವೆ. ನಡೆದದ್ದೇ ಹೀಗೆ ಎನ್ನುವವರು ಸ್ಮಾರಕವನ್ನು ತೋರಿಸುತ್ತಾರೆ. ಇದೆಲ್ಲ ಮೌಢ್ಯ ಎನ್ನುವವರು ಮಣ್ಣನ್ನು ತೋರಿಸುತ್ತಾರೆ: ಮಣ್ಣಿನ ಗೋಡೆಯನ್ನು ವರಸೆ ವರಸೆಯಾಗಿ ಏರಿಸಬೇಕು, ಕೆಳಗಿನದು ಒಣಗಿ ಬಿಗಿಯಾದ ಮೇಲೆ ಮೇಲಿನದು. ಅವಸರಪಟ್ಟರೆ, ಅದರಲ್ಲೂ ಮಳೆಗಾಲದಲ್ಲಿ, ಹಸಿ ಮಣ್ಣು ತನ್ನ ಭಾರಕ್ಕೆ ತಾನೇ ಕೂರುತ್ತದೆ. ಹೆಬ್ಬಾಗಿಲಲ್ಲಿ ಗೋಡೆ ತುಂಡಾಗುತ್ತದೆ, ಕಲ್ಲಿನ ತೊಲೆ, ಮರದ ಕದ ಎರಡರ ಭಾರವೂ ಆ ತುದಿಗೇ ಬೀಳುತ್ತದೆ. ಕೋಟೆಯಲ್ಲಿ ಎಲ್ಲಾದರೂ ಕುಸಿಯುವುದಿದ್ದರೆ ಅಲ್ಲೇ ಕುಸಿಯಬೇಕು. ಈ ವಿವರಣೆ ನನಗೆ ಒಪ್ಪಿಗೆ. ಆದರೆ ಇದು ಬಾಗಿಲು ಯಾಕೆ ಬಿತ್ತು ಎಂಬುದಕ್ಕೆ ಉತ್ತರ, ಕಥೆಯಲ್ಲಿ ಸೊಸೆ ಯಾಕೆ ಬಂದಳು ಎಂಬುದಕ್ಕಲ್ಲ. ಬಿದ್ದ ಬಾಗಿಲಿಗೆ ಕೋಣ ಕಡಿದ ಕಥೆ ಹುಟ್ಟಬಹುದಿತ್ತು, ಮೇಸ್ತ್ರಿಯನ್ನು ಶಿಕ್ಷಿಸಿದ ಕಥೆ ಹುಟ್ಟಬಹುದಿತ್ತು.

ಮೂರನೆಯ ವಾದ ಜಾನಪದ ವಿದ್ವಾಂಸರದ್ದು. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಸೊಸೆ ಭಾಗೀರಥಿಯನ್ನು ಆಹುತಿ ಕೊಟ್ಟ ‘ಕೆರೆಗೆ ಹಾರ’ ಕನ್ನಡಿಗರಿಗೆಲ್ಲ ಗೊತ್ತು. ಸೆರ್ಬಿಯಾದ ಕಥೆಯಲ್ಲಿ ಸ್ಕಾದರ್ ಕೋಟೆಗೆ ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿಯನ್ನು ಗೋಡೆಯೊಳಗೆ ಮುಚ್ಚುತ್ತಾರೆ. ರೊಮೇನಿಯಾದಲ್ಲಿ ಮಠ ಕಟ್ಟುವ ಮೇಸ್ತ್ರಿ ಮನೋಲೆ ತನ್ನ ಹೆಂಡತಿಯನ್ನೇ. ಗ್ರೀಸಿನ ಆರ್ಟಾ ಸೇತುವೆಯದ್ದೂ ಇದೇ ಗೋಳು. ಅಲನ್ ಡಂಡಸ್ 1996ರಲ್ಲಿ ಈ ಒಂದೇ ಕಥೆಯ ಬಗ್ಗೆ ಬಂದ ಅಧ್ಯಯನಗಳನ್ನು ಕೂಡಿಸಿ ಪುಸ್ತಕ ಮಾಡಿದರು. ಹಾಗಾದರೆ ಲಕ್ಷ್ಮೀದೇವಿ ಕೂಡ ವಿಜಯನಗರದ ಮೊಲದಂತೆ ಎರವಲು ಬಂದವಳೇ ಎಂದು ಕೇಳಬಹುದು. ಇದು ನನ್ನ ವಾದಕ್ಕೆ ಬರಬಹುದಾದ ಅತಿ ದೊಡ್ಡ ಆಕ್ಷೇಪ, ಮತ್ತು ಅರ್ಧ ನಿಜ ಕೂಡ. ಕಥೆಯ ಎಲುಬು ಎರವಲೇ ಇರಬಹುದು. ಆದರೆ ಬೆಂಗಳೂರಿನ ಪಾಠದಲ್ಲಿ ಬೇರೆ ಕಡೆಯದಕ್ಕಿಂತ ಒಂದು ವ್ಯತ್ಯಾಸವಿದೆ: ಸ್ಕಾದರ್‌ನವಳನ್ನು, ಮನೋಲೆಯ ಹೆಂಡತಿಯನ್ನು ಇತರರು ಬಲಿ ಕೊಡುತ್ತಾರೆ, ಲಕ್ಷ್ಮೀದೇವಿ ಯಾರಿಗೂ ಹೇಳದೆ ತನ್ನ ಮೈಯನ್ನು ತಾನೇ ಕಡಿದುಕೊಳ್ಳುತ್ತಾಳೆ. ಈ ತಿರುವು ಎಲ್ಲಿಂದ ಬಂತು? ಗಂಡನ ಒಂದು ಬೆರಳಿಗೆ ತನ್ನ ಎರಡು ಬೆರಳು ಕೊಟ್ಟವಳ ಕಥೆ ಹೇಳಿಕೊಂಡು, ಉಳಿಯ ಕೆಳಗೆ ಕೈಯಿಟ್ಟ ಹೆಂಗಸರ ಮನೆತನದಲ್ಲಿ ಈ ತಿರುವನ್ನು ಹೊರಗಿನಿಂದ ತರಬೇಕಾಗಿರಲಿಲ್ಲ.

ಕನ್ನಡ ನಾಡಿನಲ್ಲಿ ತನ್ನ ತಲೆಯನ್ನು ತಾನೇ ಒಪ್ಪಿಸುವುದು ಬರೀ ಕಥೆಯೂ ಅಲ್ಲ. ಸಿಡಿತಲೆಯ ಕಲ್ಲುಗಳಿವೆ: ಬಗ್ಗಿಸಿದ ಗಳುವಿಗೆ ಜುಟ್ಟು ಕಟ್ಟಿ, ಕತ್ತಿ ಬಿದ್ದ ಕೂಡಲೇ ತಲೆ ಮೇಲಕ್ಕೆ ಚಿಮ್ಮುವಂತೆ ಆತ್ಮಬಲಿ ಕೊಟ್ಟವರ ಸ್ಮಾರಕಗಳು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ದೊರೆ ಸತ್ತಾಗ, ದೊರೆಯೊಂದಿಗೇ ಸಾಯುವ ಪಣ ತೊಟ್ಟ ಗರುಡರೊಂದಿಗೆ ಪ್ರಾಣ ಕೊಟ್ಟದ್ದನ್ನು ಹೇಳುವ ಕಂಬವಿದೆ. ತಲೆ ಕತ್ತರಿಸಿಕೊಳ್ಳುವ ವೀರರನ್ನು ಅದರ ಮೇಲೆ ಕೆತ್ತಿದ್ದಾರೆ. ಇಷ್ಟಿದ್ದರೂ ಲಕ್ಷ್ಮೀದೇವಿ ನಿಜವಾಗಿ ಸತ್ತಳು ಎಂದು ಇದರಿಂದ ಸಾಧಿಸಲಾಗದು. ಸಾಧಿಸಬಹುದಾದದ್ದು ಇಷ್ಟು: ಅಂಥ ಸಾವು ಆ ಕಾಲದವರ ಊಹೆಗೆ ನಿಲುಕದ್ದೇನಾಗಿರಲಿಲ್ಲ. ಕುವರ ಲಕ್ಷ್ಮನಿಗೆ ಕಂಬ ಸಿಕ್ಕಿತು, ಹೆಸರು, ಸಂದರ್ಭ ಎಲ್ಲ ಕಲ್ಲಿನಲ್ಲಿ ಉಳಿಯಿತು. ಲಕ್ಷ್ಮೀದೇವಿ ಜನರ ಬಾಯಲ್ಲಿ ಉಳಿದಳು.

ಕೋಟೆಯ ಶಾಸನವೆಂಬುದು ಕಟ್ಟಿಸಿದವನ ಲೆಕ್ಕ. ಇಂಥ ದೊರೆಯ ಆಳ್ವಿಕೆಯಲ್ಲಿ, ಇಂಥ ಗೌಡನ ಮಗ, ಇಂಥ ತಿಥಿಯಲ್ಲಿ, ಇಷ್ಟು ಭೂಮಿ ಬಿಟ್ಟ ಎಂದು ಅದು ಹೇಳುತ್ತದೆ. ಕಟ್ಟುವಾಗ ಸತ್ತವರು, ಬಿಟ್ಟಿ ದುಡಿದವರು, ಹೊಸ ಬಲ ಬಂದ ಮನೆಯಲ್ಲಿ ಬಾಯಿ ಮುಚ್ಚಿಕೊಂಡ ಸೊಸೆಯರು ಆ ಲೆಕ್ಕಕ್ಕೆ ಬರುವುದಿಲ್ಲ. ಶಾಪದ, ಬಲಿಯ ಕಥೆಗಳು ಅದೇ ಕೋಟೆಯ ಖರ್ಚಿನ ಕಡೆಯ ಲೆಕ್ಕ. ಅದನ್ನು ಬರೆದವರು ಯಾರೂ ಇಲ್ಲದ್ದರಿಂದ ತಾರೀಖು ತಪ್ಪಿರುತ್ತದೆ, ಹೆಸರು ಬದಲಾಗಿರುತ್ತದೆ, ಪಕ್ಕದ ಊರಿನ ಕಥೆ ಬಂದು ಕೂಡಿಕೊಂಡಿರುತ್ತದೆ. ಆದರೂ ಸಾಲ ಇತ್ತು ಎಂಬ ಮಾತನ್ನು ಅದು ಬಿಟ್ಟುಕೊಡುವುದಿಲ್ಲ. ಶಾಸನಗಳಲ್ಲಿ ಹೆಣ್ಣಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಶಾಸನತಜ್ಞರು ಸರಿಯಾಗಿಯೇ ಬೈಯುತ್ತಾರೆ. ದತ್ತಿ ಬಿಟ್ಟ ರಾಣಿಯರಿದ್ದಾರೆ, ಗುಡಿ ಕಟ್ಟಿಸಿದ ದಂಡನಾಯಕಿತ್ತಿಯರಿದ್ದಾರೆ, ಬಳೆ ತೊಟ್ಟ ಕೈ ಎತ್ತಿ ನಿಂತ ಮಾಸ್ತಿಯರು ಊರೂರಿನಲ್ಲಿದ್ದಾರೆ. ಕೊಟ್ಟವಳಾಗಿ, ಗಂಡನ ಜೊತೆ ಹೋದವಳಾಗಿ ಹೆಣ್ಣಿಗೆ ಕಲ್ಲಿನಲ್ಲಿ ಜಾಗವಿದೆ. ಕಟ್ಟಡದ ಬೆಲೆಯಾಗಿ ಹೋದವಳಿಗೆ ಜಾಗ ಸಿಕ್ಕಿರುವುದು ಕಥೆಯಲ್ಲಿ ಮಾತ್ರ.

ಆವತಿಯ ಬಳಗದಾಚೆ ಈ ಮಾತನ್ನು ತಾಳೆ ನೋಡಬೇಕಾದರೆ ಕರ್ನಾಟಕದ ಅತಿ ಪ್ರಸಿದ್ಧ ಶಾಪಕ್ಕೇ ಹೋಗಬೇಕು. 1610ರಲ್ಲಿ ರಾಜ ಒಡೆಯರ್ ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಪಡೆದರು. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಬಳಿ ಇದ್ದವು. ಅವನ್ನು ವಸೂಲು ಮಾಡಲು ಆಳುಗಳು ಬಂದಾಗ ಆಕೆ ಮಾಲಂಗಿಯ ಮಡುವಿಗೆ ಹಾರಿದಳು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ಅವಳ ಶಾಪ ಯಾರಿಗೂ ಹೊಸದಲ್ಲ. ಮರಳಿನ ಕಾರಣವನ್ನು ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಮತ್ತಿತರರು ಕಾವೇರಿಯ ತಿರುವಿನಲ್ಲಿ, ಮೇಲ್ಭಾಗದ ಮಾಧವಮಂತ್ರಿ ಅಣೆಕಟ್ಟೆಯ ಪರಿಣಾಮದಲ್ಲಿ, ಬೇಸಿಗೆಯ ಗಾಳಿಯಲ್ಲಿ ಹುಡುಕಿದ್ದಾರೆ. ಸಂತಾನದ ಶಾಪವಂತೂ ಥಿಯರಿಗೆ ಹೇಗೆ ತೇಪೆ ಹಾಕುತ್ತಾರೆ ಎಂಬುದಕ್ಕೆ ಪಾಠದಂತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ದತ್ತು ತೆಗೆದುಕೊಂಡರು. ದತ್ತು ಬಂದ ಚಾಮರಾಜೇಂದ್ರರಿಗೆ 1884ರಲ್ಲಿ ನಾಲ್ವಡಿಯವರು ಹುಟ್ಟಿದರು. ಶಾಪ ಸುಳ್ಳಾಗಬೇಕಿತ್ತಲ್ಲ? ಇಲ್ಲ, ಅದು ತಲೆಮಾರು ಬಿಟ್ಟು ತಲೆಮಾರಿಗೆ ಎಂದಾಯಿತು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮಕ್ಕಳಿಲ್ಲದೆ ತೀರಿಕೊಂಡಾಗ ಶಾಪ ಗೆದ್ದಿತು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರ ಡಿಸೆಂಬರ್‌ನಲ್ಲಿ ಗಂಡುಮಗುವಾದಾಗ ಕೆಲವರು ಶಾಪ ವಿಮೋಚನೆ ಎಂದರು, ಕೆಲವರು ಲೆಕ್ಕ ಸರಿಯಾಗಿಯೇ ಇದೆ ಎಂದರು. ಹೊಸ ಸಾಕ್ಷ್ಯ ಬಂದಂತೆಲ್ಲ ನಿಯಮವನ್ನೇ ತಿದ್ದಿಕೊಳ್ಳುವ ವಾದವನ್ನು ಯಾವ ಸಾಕ್ಷ್ಯವೂ ಅಲುಗಿಸಲಾರದು, ಆದ್ದರಿಂದಲೇ ಅದಕ್ಕೆ ಸಾಕ್ಷ್ಯದ ಬಲವೂ ಇಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಂಗತಿ ಉಳಿಯುತ್ತದೆ: ಗೆದ್ದವರ ಅರಮನೆಯಲ್ಲೇ ಅಲಮೇಲಮ್ಮನಿಗೆ ಪೂಜೆ ನಡೆಯುತ್ತ ಬಂದಿದೆ. ಗೆದ್ದವರು ಸೋತವಳಿಗೆ ದೀಪ ಹಚ್ಚುವುದು ಮರಳಿನ ಭಯಕ್ಕಲ್ಲ. ಪಟ್ಟಣದ ಜೊತೆಗೆ ಬಂದ ಸಾಲ ತೀರಿಲ್ಲ ಎಂಬ ಅಳುಕಿಗೆ.

ಸುರಂಗ ಮತ್ತು ನಿಧಿಯ ಥಿಯರಿಗಳಿಗೆ ಹೆಚ್ಚು ಜಾಗ ಬೇಡ. ಸುರಂಗದ ಮಾತಿಲ್ಲದ ಕೋಟೆ ನಮ್ಮಲ್ಲಿ ಸಿಗುವುದೇ ಅಪರೂಪ. ದೇವನಹಳ್ಳಿ, ನಂದಿ ಸೀಮೆಯ ಕಗ್ಗಲ್ಲಿನಲ್ಲಿ ಉಳಿ ಸುತ್ತಿಗೆ ಹಿಡಿದು ಹರದಾರಿಗಟ್ಟಲೆ ಕೊರೆಯುವುದು, ಒಳಗೆ ಗಾಳಿ ಆಡಿಸುವುದು ಹೇಗೆ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆಂದು ಸುರಂಗದ ಮಾತೆಲ್ಲ ಪೊಳ್ಳಲ್ಲ. ಬೀದರಿನ ನೌಬಾದಿನಲ್ಲಿ ಜನ ಸುರಂಗ ಬಾವಿ ಎಂದು ಕರೆಯುತ್ತಿದ್ದದ್ದು ಬಹಮನಿ ಕಾಲದ ಕಾರೇಜ್ ಎಂದು ತಿಳಿದುಬಂತು, ನೆಲದಡಿಯಲ್ಲಿ ನೀರು ಹರಿಸಲು ಮೃದುವಾದ ಜಂಬಿಟ್ಟಿಗೆಯಲ್ಲಿ ಕೊರೆದ ಕಾಲುವೆ. ಅಲ್ಲಿ ದೊರೆ ಓಡಿಹೋಗಲಿಲ್ಲ, ನೀರು ಹರಿಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಿಂದ ಪುರಾತತ್ವ ಇಲಾಖೆ ಮೇಲೆತ್ತಿದ್ದು ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳನ್ನು; ಹೊನ್ನಿನ ಕೊಪ್ಪರಿಗೆಗಿಂತ ಇತಿಹಾಸಕ್ಕೆ ಅದು ಎಷ್ಟೋ ಪಾಲು ಬೆಲೆಯುಳ್ಳದ್ದು. ನಿಧಿಯ ಥಿಯರಿ ನಂಬಿದವರು ಮಾಡುವ ಕೆಲಸ ಬೇರೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ರಾತ್ರಿ ಒಡೆದುಹಾಕಿದರು. ಗೇಮಿನ ಗೋಡೆಯನ್ನು ಎಷ್ಟು ಬಾರಿ ಬಡಿದರೂ ಮರುದಿನ ಅದು ಹಾಗೇ ಇರುತ್ತದೆ.

ಇದೇ ಕಾರಣಕ್ಕೆ ಗೇಮನ್ನೂ ಇತಿಹಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂದು ಯಾರಾದರೂ ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಸ್ಟಾರ್ಮ್‌ವೇಲ್‌ನ ತಳದ ಮುಖವನ್ನು ಇಟ್ಟವರಿಗೆ ಉತ್ತರ ಗೊತ್ತಿದೆ, ಅವರು ನಾಳೆ ಹೇಳಿಬಿಡಬಹುದು. ಬೆಂಗಳೂರಿನ ಹೆಬ್ಬಾಗಿಲ ಬುಡದ ಬಗ್ಗೆ ಹೇಳಬಲ್ಲವರು ಯಾರೂ ಉಳಿದಿಲ್ಲ. ಆದರೆ ಹೋಲಿಕೆಯಿಂದ ಒಂದು ಲಾಭವಿದೆ. ಗೇಮ್ ಮಾಡುವವರು ಲೋಕದ ಕಥೆಗಳನ್ನೆಲ್ಲ ಜಾಲಾಡಿ, ಕೋಟೆಯೊಂದನ್ನು ಭಯಾನಕ ಮಾಡಲು ಏನು ಬೇಕು ಎಂದು ಆಯ್ದುಕೊಂಡದ್ದು ದೆವ್ವವನ್ನಲ್ಲ. ತಳದಲ್ಲಿ ಬಿದ್ದ ದೇಹವನ್ನು, ಪರರ ಅಂಗದ ಮೇಲೆ ನಿಂತ ಅಧಿಕಾರವನ್ನು. ಆಟಗಾರರು ಕೂಡ ರಾಜನ ಹೆಸರಿಗಿಂತ ಆ ದೇಹ ಯಾರದು ಎಂದೇ ಹೆಚ್ಚು ಕೇಳುತ್ತಾರೆ. ಆವತಿಯ ಮಕ್ಕಳ ಕೋಟೆಗಳ ಕಥೆ ಹೇಳಿದವರೂ ಅದನ್ನೇ ಕೇಳಿದ್ದು. ದೇಶಕಾಲ ಇಷ್ಟು ದೂರವಿರುವ ಇಬ್ಬರು ಕಟ್ಟಡದ ಬಗ್ಗೆ ಒಂದೇ ಸಂಶಯ ತಾಳಿದರೆ, ಆ ಸಂಶಯವನ್ನು ಮೌಢ್ಯ ಎಂಬ ಒಂದೇ ಮಾತಿನಲ್ಲಿ ಮುಗಿಸಲಾಗದು.

2022ರ ನವೆಂಬರ್ 11ರಂದು ಆವತಿಗೆ ಅನತಿದೂರದಲ್ಲೇ ಇರುವ ದೇವನಹಳ್ಳಿ ವಿಮಾನ ನಿಲ್ದಾಣದ ಬಳಿ ಕೆಂಪೇಗೌಡರ 108 ಅಡಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅದಕ್ಕಾಗಿ ಊರೂರಿನಿಂದ ಮಣ್ಣು ಸಂಗ್ರಹಿಸಿ ತಂದಿದ್ದರು. ಕಟ್ಟಿಸಿದವನ ಲೆಕ್ಕ ಹೀಗೆ ದೊಡ್ಡದಾಗುತ್ತ ಹೋಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಇನ್ನೊಂದು ಲೆಕ್ಕಕ್ಕೆ ಬೇಕಾದದ್ದು ಬೇರೆ ಕೆಲಸ. ಲಕ್ಷ್ಮೀದೇವಿ ಸ್ವಇಚ್ಛೆಯಿಂದ ಹೋದಳು ಎಂಬುದು ಪುಸ್ತಕಗಳಲ್ಲಿ, ನಾಟಕಗಳಲ್ಲಿ ನೆಲೆಗೊಂಡ ಪಾಠ. ಮಾವ ತಪ್ಪಿತಸ್ಥನಾಗದಂತೆ ನೋಡಿಕೊಳ್ಳುವ ಪಾಠವೂ ಅದೇ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಮನೆಯವರೇ ಗೊತ್ತುಮಾಡಿ ಕಳಿಸುತ್ತಾರೆ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ, ಮುಖ್ಯವಾಗಿ ಮೊರಸು ಒಕ್ಕಲು ಮನೆಗಳ ಹಿರಿಯ ಹೆಂಗಸರ ಬಾಯಲ್ಲಿ, ಲಕ್ಷ್ಮೀದೇವಿ ತಾನಾಗಿ ಎದ್ದು ಹೋದಳೋ ಯಾರಾದರೂ ಎಬ್ಬಿಸಿ ಕಳಿಸಿದರೋ ಎಂದು ಒಂದೊಂದು ಪಾಠವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಕಳಿಸಿದರು ಎನ್ನುವ ಪಾಠ ಎಷ್ಟು ಊರುಗಳಲ್ಲಿ ಸಿಗುತ್ತದೆ, ಅದನ್ನು ಹೇಳುವವರು ಯಾರು ಎಂಬುದರ ಮೇಲೆ ನನ್ನ ವಾದ ನಿಲ್ಲಬೇಕು, ಇಲ್ಲವೇ ಬೀಳಬೇಕು.